ಏಟು ಇಳಿಸದ ಡ್ರಮ್ಮು

ಕಲ್ಯಾಣದುರ್ಗ
17-10-2024

ಪ್ರೀತಿಯ ಆದಿನಾರಾಯಣನಿಗೆ,

ನಿನ್ನ ಕಾಳಪ್ಪನ ನಮಸ್ಕಾರ. ಬೆಂಗಳೂರಿಗೆ ಹೋಗುವಾಗ ಹಿಂದೂಪುರದ ನಿಮ್ಮ ಮನೆಯಲ್ಲಿ ಉಂಡು ಮಲಗಿ, ನೀನು ಕೊಟ್ಟ ಹುಣಸೆಹಣ್ಣಿನ ಗಂಟನ್ನೂ ಹೊತ್ತು ತಂದವನು, ಊರು ತಲುಪಿದೆ ಅಂತ ಒಂದು ಮಾತೂ ತಿಳಿಸಲಿಲ್ಲ. ಬೈದುಕೋ. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಮನೆಯಾಕೆ ಲಕ್ಷ್ಮೀದೇವಿ ಪಕ್ಕದಲ್ಲೇ ಕೂತಿರುತ್ತಾಳೆ. ಅದಕ್ಕೇ ಈ ಕಾಗದ.

ನಿನ್ನ ತಮ್ಮನ ಮಗ ಜಯಚಂದ್ರ ಹೇಳಿದ್ದು ನಿಜ. ನಮ್ಮ ರಾಮಾಂಜಿ ಬೆಂಗಳೂರಿನಲ್ಲಿ ಸ್ಟೇಜು ಕಟ್ಟುವವರ ಜೊತೆ ಇದ್ದ. ಮನೆ ಬಿಟ್ಟು ಹೋದ ಮಗ ಫೋನ್ ನಂಬರನ್ನೂ ಬದಲಾಯಿಸಿದ ಮೇಲೆ ನಮಗೆ ಸಿಕ್ಕ ಸುಳಿವು ಅದೊಂದೇ. ಜಯಚಂದ್ರ ನಮ್ಮಿಬ್ಬರ ಕೈಗೂ ಕಾಗದದ ಪಟ್ಟಿ ಕಟ್ಟಿಸಿ ಹಾಡಿನ ಕಾರ್ಯಕ್ರಮದ ಮೈದಾನದೊಳಗೆ ಕರೆದುಕೊಂಡು ಹೋದ. ಅಲ್ಲಿ ಸ್ಟೇಜು ಕಟ್ಟಿ ಮುಗಿಸಿದ್ದವರಲ್ಲಿ ಒಬ್ಬ ನಮ್ಮ ಕಡೆಯವನೇ. "ರಾಮಾಂಜಿನಾ? ಇದ್ದ ಕಣಣ್ಣ. ಮೊನ್ನೆ ಮೇಸ್ತ್ರಿ ಜತೆ ಜಗಳ ಆಡ್ಕಂಡು ಹೊಂಟೋದ. ಸ್ಟೇಜು ಬಿಚ್ಚೋ ಹೊತ್ಗೆ ಆಳು ಸಾಲಲ್ಲ, ಆವಾಗ ಬಂದ್ರೂ ಬಂದಾನು" ಅಂದ. ಲಕ್ಷ್ಮೀದೇವಿ ಅಲ್ಲೇ ಬೇರು ಬಿಟ್ಟಳು. "ಬಿಚ್ಚೋಗಂಟ ನಾನು ಕದಲಾಕಿಲ್ಲ" ಅಂದಳು.

ಅಷ್ಟರಲ್ಲಿ ಬ್ಯಾಂಡು ಶುರುವಾಯಿತು. ಹೆವಿ ಮೆಟಲ್ ಅಂತೆ. ಕಪ್ಪು ಬಟ್ಟೆ ಹಾಕಿ ಸೊಂಟದವರೆಗೆ ಕೂದಲು ಬಿಟ್ಟ ಗಂಡಸರು. ಹಾಡುವವನು ಹಾಡಿದನೋ ಯಾರನ್ನಾದರೂ ಬೈದನೋ ನನಗೆ ತಿಳಿಯಲಿಲ್ಲ. ಆದರೆ ಡ್ರಮ್ಮಿನವನು ಕೆಲಸಗಾರ. ಮೀಸೆ ಬರುವ ಮೊದಲಿನಿಂದ ಡೊಳ್ಳು ಹೊಡೆದವನು ನಾನು, ಮೆಚ್ಚಿಕೊಂಡು ನೋಡುತ್ತಾ ನಿಂತೆ. ಪಕ್ಕಕ್ಕೆ ತಿರುಗಿದರೆ ಇವಳ ತುರುಬು ಬಿಚ್ಚಿದೆ, ಕಣ್ಣು ಮೇಲೆ ಹೋಗಿದೆ. ದೇವರು ಬಂದಿತ್ತು. ಮಗ ಹೋದ ಮೇಲೆ ಸೆಟ್ಟೂರಿನ ನಮ್ಮ ಗುಡಿಯಲ್ಲಿ ನಾನು ಎಷ್ಟು ಡೊಳ್ಳು ಹೊಡೆದರೂ ಬಾರದಿದ್ದ ದೇವರು.

ನಿನಗೆ ಗೊತ್ತಲ್ಲ, ಮೈಮೇಲೆ ಬಂದ ದೇವರನ್ನು ಡೊಳ್ಳಿನವನೇ ಇಳಿಸಬೇಕು. ಏಟು ನಿಧಾನ ಮಾಡುತ್ತಾ ಬಂದು, ಕೇಳಬೇಕಾದ್ದನ್ನು ಕೇಳಿ ದೇವರ ಮಾತು ಪಡೆದು, ಹಣೆಗೆ ಭಂಡಾರ ಹಚ್ಚಿ ಶಾಂತ ಮಾಡಬೇಕು. ಇಲ್ಲಿ ಯಾರಿಗೆ ಹೇಳಲಿ? ಸುತ್ತಲಿದ್ದ ಹುಡುಗರೂ ತಲೆ ಬೀಸುತ್ತಿದ್ದರು. "ಆಂಟಿ ಸೂಪರ್" ಅಂತ ಇವಳಿಗೆ ಜಾಗ ಬಿಟ್ಟು ಫೋನಿನಲ್ಲಿ ಹಿಡಿದುಕೊಂಡರು. ನಾನು ಜನರನ್ನು ತಳ್ಳಿಕೊಂಡು ಮುಂದಿನ ಬ್ಯಾರಿಕೇಡಿನವರೆಗೂ ಹೋಗಿ, ಏಟು ಇಳಿಸಪ್ಪಾ ಅಂತ ಎರಡೂ ಕೈ ಕೆಳಗೆ ಮಾಡಿ ತೋರಿಸಿದೆ. ಡ್ರಮ್ಮಿನವನು ನಕ್ಕು, ಕಡ್ಡಿ ಎತ್ತಿ ನನಗೆ ಸಲಾಮು ಹೊಡೆದು, ಇನ್ನೂ ಜೋರಾಗಿ ಬಾರಿಸಿದ. ಅಷ್ಟು ಕೈಲಾಗದವನಾಗಿ ನಾನು ಯಾವತ್ತೂ ನಿಂತಿರಲಿಲ್ಲ ಕಣೋ.

ವಾಪಸು ಬಂದು ಅವಳನ್ನು ತಬ್ಬಿ ಹಿಡಿದು ಕೂಗಿ ಕೇಳಿದೆ, "ನನ್ ಮಗ ಎಲ್ಲವ್ನೆ, ಮಾತು ಕೊಡು ಸ್ವಾಮಿ." ದೇವರು ಮಾತು ಕೊಟ್ಟಿತು. ಆಮೇಲೆ ಅವಳು ಕುಸಿದಳು. ಜಯಚಂದ್ರ ನೀರು ತಂದ. ದೇವರು ಬಂದವರಿಗೆ ತಾವು ಆಡಿದ್ದು ನೆನಪಿರುವುದಿಲ್ಲವಲ್ಲ, ಎಚ್ಚರವಾದ ಕೂಡಲೇ "ದೇವ್ರು ಏನಂತು?" ಅಂದಳು. "ದೀಪಾವಳಿಗೆ ಬತ್ತಾನಂತೆ ಕಣೇ" ಅಂದೆ. ತುರುಬು ಕಟ್ಟಿಕೊಂಡು ಎದ್ದಳು. "ಇನ್ಯಾಕೆ ಇಲ್ಲಿ, ನಡಿ ಊರ್ಗೋಗಾನ" ಅಂತ ನನಗಿಂತ ಮುಂದೆ ನಡೆದಳು.

ಈಗ ಮನೆಗೆ ಸುಣ್ಣ ಬಳಿದಿದ್ದಾಳೆ. ಅವನಿಗೆ ಷರಟಿನ ಬಟ್ಟೆ ತಂದಿದ್ದಾಳೆ, "ಎಷ್ಟು ದಪ್ಪ ಆಗವ್ನೋ, ಬಂದ್ಮ್ಯಾಲೆ ಹೊಲಿಸಾನ" ಅನ್ನುತ್ತಾಳೆ. ಅವನಿಗೆ ಹುಳಿಸಾರು ಇಷ್ಟವೆಂದು ನಿನ್ನ ಹುಣಸೆಹಣ್ಣನ್ನು ನನಗೆ ಮುಟ್ಟಗೊಡುತ್ತಿಲ್ಲ. ರಾಗಿಮುದ್ದೆಗೆ ನನಗೆ ಬರೀ ಮಜ್ಜಿಗೆ.

ತಂಗಿ ಪದ್ಮಲತಾಳನ್ನು ಕೇಳಿದೆ ಅಂತ ಹೇಳು. ನಿಮ್ಮ ಮೌನಿಕಾ ಚೆನ್ನಾಗಿರಲಿ, ಎಲ್ಲಿದ್ದರೂ ನಿಮಗೊಂದು ಫೋನ್ ಮಾಡುವ ಮಗಳಾಗಿರಲಿ.

ನಿನ್ನ
ಕಾಳಪ್ಪ

ತಾ.ಕ.: ದೇವರ ಮಾತು ನನಗೆ ಕೇಳಿಸಲಿಲ್ಲ ಆದಿ. ಅವಳ ತುಟಿ ಆಡಿದ್ದು ಕಂಡೆ, ಅಷ್ಟೇ. ಬಾಯಿಗೆ ಕಿವಿ ಹಚ್ಚಿದರೂ ಆ ಸದ್ದಿನಲ್ಲಿ ಒಂದಕ್ಷರ ಸಿಗಲಿಲ್ಲ. ದೀಪಾವಳಿ ಅಂದದ್ದು ನಾನು. ಹಾಗನ್ನದೇ ಇದ್ದಿದ್ದರೆ ಅವಳು ಸ್ಟೇಜು ಬಿಚ್ಚುವವರೆಗೂ ಅಲ್ಲೇ ಕೂತಿರುತ್ತಿದ್ದಳು. ನಾವು ಹೊರಟ ಮೇಲೆ ರಾಮಾಂಜಿ ಅಲ್ಲಿಗೆ ಬಂದಿದ್ದನೇ ಅಂತ ಜಯಚಂದ್ರನನ್ನು ಕೇಳಲು ನನಗೆ ಧೈರ್ಯವಿಲ್ಲ. ನೀನು ಕೇಳು.