ಎತ್ತರಕ್ಕೆ ಬೆಳೆದ ಭತ್ತ

ಸಿರುಗುಪ್ಪ, ಡಿಸೆಂಬರ್ 1953

ಎರ್ರಣ್ಣಾ,

ನಾವಿಬ್ಬರೂ ಎರಡು ತಳಿ ಕೂಡಿಸಿ ಬೆಳೆಸಿದ ಭತ್ತದ ಕೊಯ್ಲು ಮುಗಿಯಿತು. ನೀನು ಆದೋನಿಗೆ ವರ್ಗವಾದ ಮೇಲೆ ಸರಕಾರಿ ಹೊಲದ ಆ ಮಡಿಯನ್ನು ನಾನೊಬ್ಬನೇ ನೋಡಿಕೊಂಡೆ.

ಕೆಲವು ಗಿಡಗಳು ಉಳಿದವಕ್ಕಿಂತ ಮೊಳದುದ್ದ ಮೇಲೆದ್ದಿದ್ದವು. ಕಳೆ ಕೀಳುತ್ತಿದ್ದ ಗಂಗಕ್ಕ, "ಮರಿಬಸಪ್ಪಾರ, ಇವು ಜ್ವಾಳದಂಗ ಬೆಳದಾವ ನೋಡ್ರಿ!" ಎಂದು ಕೂಗಿದಳು. ಎರಡೂ ತಳಿಯ ಬಲ ಒಂದೇ ಗಿಡಕ್ಕೆ ಬಂತೆಂದು ನಾನೂ ಹಿಗ್ಗಿದೆ. ನಿನಗೆ ತಂತಿ ಕೊಡೋಣವೆಂದು ಅಂಚೆ ಕಚೇರಿಯ ಬಾಗಿಲ ತನಕ ಹೋಗಿ ವಾಪಸು ಬಂದೆ.

ತೆನೆ ಹೊರಬಂದಾಗ ಅವೆಲ್ಲ ಬೆಳ್ಳಗೆ ಜೊಳ್ಳಾಗಿದ್ದವು. ಕಿತ್ತು ನೋಡಿದರೆ ಬುಡದಲ್ಲಿ ಬೂಷ್ಟು ಹಿಡಿದಿತ್ತು. ಆ ಬೂಷ್ಟು ಬಿಡುವ ರಸವೇ ಗಿಡವನ್ನು ಎಳೆದು ಉದ್ದ ಮಾಡಿ, ಕೊನೆಗೆ ಕೊಲ್ಲುತ್ತದೆ. ನಾವು ಬೆರೆಸಿದ ವಂಶಗುಣಕ್ಕೂ ಆ ಎತ್ತರಕ್ಕೂ ಸಂಬಂಧವೇ ಇರಲಿಲ್ಲ. ಅವನ್ನೆಲ್ಲ ಸುಟ್ಟೆವು.

"ಎರ್ರಣ್ಣಾರಿಗೆ ತಿಳಿಸೀರೇನ್ರಿ?" ಎಂದಳು ಗಂಗಕ್ಕ.

"ಇನ್ನೂ ಇಲ್ಲವ್ವಾ" ಎಂದೆ.

ನಾನು ಅಷ್ಟಾಗಿ ಗಮನಿಸದಿದ್ದ ಗಿಡ್ಡ ಗಿಡಗಳಲ್ಲೇ ತೆನೆ ತುಂಬಿ ಬಂದಿತ್ತು. ಅವನ್ನು ನಿನ್ನೆ ಕೊಯ್ದೆವು; ಕಾಳು ಗಟ್ಟಿಯಾಗಿದೆ. ಖುಷಿಪಡುವುದಕ್ಕೂ ಯಾಕೋ ತ್ರಾಣವಿಲ್ಲ. ನಿನ್ನ ಪಾಲಿನ ಬೀಜವನ್ನು ಬೇರೆ ಕಟ್ಟಿಟ್ಟಿದ್ದೇನೆ.

ಬಳ್ಳಾರಿ ಮೈಸೂರಿಗೋ ಆಂಧ್ರಕ್ಕೋ ಎಂದು ನಾವಿಬ್ಬರೂ ಒಬ್ಬರ ಮೇಲೊಬ್ಬರು ಕೂಗಾಡಿ ಮಾತು ಬಿಟ್ಟೆವು. ಸಿರುಗುಪ್ಪ ಮೈಸೂರಿಗೆ, ಆದೋನಿ ಆಂಧ್ರಕ್ಕೆ ಎಂದು ಮೇಲಿನವರು ನಮ್ಮನ್ನು ಕೇಳದೆಯೇ ತೀರ್ಮಾನಿಸಿದರು.

ಆದೋನಿಯ ಬಸ್ಸು ದಿನವೂ ಈ ಹೊಲದ ಮುಂದೆಯೇ ಹೋಗುತ್ತದೆ. ಕೈ ಮಾಡಿದರೆ ನಿಲ್ಲಿಸುತ್ತಾರೆ.

ಮರಿಬಸಪ್ಪ