ಏಡಿ ಸಾರು

ಆರೋಗ್ಯ ಕೇಂದ್ರದ ವೇದಾವತಿ ಸಿಸ್ಟರ್‌ಗೆ ಕುಸುಮಾ ಮಾಡುವ ನಮಸ್ಕಾರ.

ನಮ್ಮ ಫೋನ್ ಮನೆಯವರ ಅಂಗಿ ಜೇಬಿನಲ್ಲೇ ಇತ್ತು, ನೀರುಪಾಲಾಯಿತು. ಅದಕ್ಕೆ ಈ ಚೀಟಿಯನ್ನು ಅಂಗನವಾಡಿ ಟೀಚರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಶೀತಕ್ಕೆ ಏನು ತಿನ್ನಬೇಕೆಂದು ನೀವು ಬರೆದುಕೊಟ್ಟಿದ್ದರಲ್ಲಿ ಗಂಜಿ, ಬಿಸಿನೀರು, ಬೇಯಿಸಿದ ಮೊಟ್ಟೆ ತೆಗೆದುಕೊಂಡೆ. ಕಿತ್ತಳೆ ಸಿಗಲಿಲ್ಲ. ಶೀತ ಬಿಟ್ಟು ಎರಡು ದಿನವಾಯಿತು. ಅತ್ತೆಗೆ ಹೇಳಿಲ್ಲ. ಬಾಯಿಗೆ ರುಚಿ ಮಾತ್ರ ಇನ್ನೂ ಬಂದಿಲ್ಲ.

ನಮ್ಮನೆಯವರು ಆ ಮಳೆಯಲ್ಲಿ ಹಳ್ಳಕ್ಕೆ ಯಾಕೆ ಹೋಗಿದ್ದರು ಎಂದು ನೀವು ಕೇಳಿದಿರಿ. ಅತ್ತೆ ಎದುರಿಗಿದ್ದರು, ಅದಕ್ಕೆ ಈಗ ಬರೆಯುತ್ತಿದ್ದೇನೆ. ಅವರು ಹಳ್ಳಕ್ಕೆ ಹೋದ ದಿನ ನನ್ನ ಶೀತ ನೋಡಿ ಅತ್ತೆಯೇ, "ಅದಕ್ಕೆ ಏಡಿ ಸಾರು ಕುಡಿಸ್ಬೇಕು ಮಾರಾಯ, ಆಗ್ಲೇ ಶೀತ ಬಿಡೋದು. ಹೋಗಿ ನಾಕು ಹಿಡ್ಕಂಡು ಬಾ" ಎಂದು ಮಗನನ್ನು ಕಳಿಸಿದ್ದರು. ಹಳ್ಳ ಒಮ್ಮೆಗೇ ಏರಿ ಅವರನ್ನು ಎಳೆದುಕೊಂಡು ಹೋಯಿತು. ಅವರ ಬುಟ್ಟಿ ದಡದ ಮರದ ಬೇರಿಗೆ ಸಿಕ್ಕಿಕೊಂಡಿತ್ತು. ಅದರಲ್ಲಿ ಮೂರು ಏಡಿ ಇದ್ದವು. ವಾಪಸ್ ಹಳ್ಳಕ್ಕೇ ಬಿಟ್ಟೆ.

ಈಗ ಅತ್ತೆ ದಿನಾ ಬೆಳಿಗ್ಗೆ ಕಾಳುಮೆಣಸಿನ ಕಷಾಯ ಮಾಡಿಕೊಡುತ್ತಾರೆ. ನಾನು ಕುಡಿದು ಮುಗಿಸುವವರೆಗೆ ಎದುರಿಗೇ ಕೂತಿರುತ್ತಾರೆ.

ಗುರುವಾರ ನೀವು ಮನೆಗೆ ಬರುತ್ತೀರಲ್ಲ. ಶೀತ ಏನು ತಿಂದರೂ ತಿನ್ನದಿದ್ದರೂ ವಾರದಲ್ಲಿ ತಾನಾಗಿಯೇ ಬಿಡುತ್ತದೆ ಎಂದು ಹೋದ ಸಲ ಹೊರಡುವಾಗ ನನಗೆ ಹೇಳಿದಿರಿ. ಅದನ್ನು ಅತ್ತೆಯ ಮುಂದೆ ಹೇಳಬೇಡಿ.

ನಿಮ್ಮ ಪಟ್ಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಕೊನೆಯಲ್ಲಿ ಜಾಗವಿದೆ. ಅಲ್ಲಿ ನಿಮ್ಮ ಕೈಯಲ್ಲೇ ಏಡಿ ಸಾರು ಎಂದು ಬರೆದುಕೊಡಿ. ಅವರಿಗೆ ಓದಿ ಹೇಳುತ್ತೇನೆ.

ಇಂತಿ,
ಕುಸುಮಾ
ಕೆರೆಕಟ್ಟೆ