ಸೋರೂದು ನಿಂತ ದಿನ

ಮುರಗೋಡ, ೧೨-೩-೧೯೭೬

ಅಪ್ಪಾ,

ನಿನ್ನ ಹಳೇ ಕಾರು ಇವತ್ತ ಸವದತ್ತಿ ಗುಡ್ಡದ ಇಳಿಜಾರಿನಾಗ ಬ್ರೇಕ್ ಒತ್ತಿದ ಕೂಡಲೇ ಗಕ್ಕನ ನಿಂತಿತು! ನೀ ತೀರಿಕೊಂಡಾಗಿಂದ ಹಿಂದಿನ ಗಾಲಿಗೆ ಬ್ರೇಕ್ ಎಣ್ಣಿ ಸೋರಿ ಶೆಡ್ಡಿನಾಗ ಬಿದ್ದಿತ್ತು. ಗಾಲಿ ಬಿಚ್ಚಿ, ಬ್ರೇಕಿನ ಸವದ ರಬ್ಬರ್ ತಗದು ಹೊಸಾವು ಹಾಕಿದಾಕಿ ನಿನ್ನ ಮಗಳು ಸೋಮವ್ವ! ಕಾರಿನ ಪುಸ್ತಕಾ ಓದಿಕೋತ ಮಾಡಿದೆ. ಅವ್ವ ಒಳಗ ಕುಂತು ಪೆಡಲ್ ತುಳದ್ಲು, ನಾ ಕೆಳಗ ಮಲಗಿ ಪೈಪಿನಾಗಿನ ಗಾಳಿ ತಗದೆ. "ಎವ್ವಾ, ಒಂದ ಹನಿನೂ ಸೋರವಲ್ದು!" ಅಂತ ಚೀರಿದೆ.

ನೀ ಇದ್ದಾಗ "ಬಾ, ಪಾನಾ ಹಿಡಿ, ನಟ್ಟು ಬಿಚ್ಚೂದು ಕಲಸತೇನಿ" ಅಂತ ಎಷ್ಟ ಸಲ ಕರದಿದ್ದಿ. ಕೈ ಹೊಲಸಾಗತಾವಂತ ನಾ ಬರಲೇ ಇಲ್ಲ.

ಗುಡ್ಡದ ಕೆಳಗ ನಾ ಬಗ್ಗಿ ನಾನ ರಿಪೇರಿ ಮಾಡಿದ ಗಾಲಿ ಸೋರತೈತೇನಂತ ನೋಡೂದು ಕಂಡು, ಬಸ್ಸಿನ ಡ್ರೈವರೊಬ್ಬ "ರಿಪೇರಿ ಕೆಲಸಾ ಯಾರು ಕಲಿಸಿದ್ರು, ತಂಗಿ?" ಅಂತ ಕೇಳಿದ.

"ನಮ್ಮಪ್ಪ" ಅಂದೆ.